ನೆರಳಿನ ಕೆಲಸ

"ನಿಮಗೇನು ಬಿಡಿ, ಫ್ಯಾನಿನ ಕೆಳಗೆ ಕೂತು ಕಾದಂಬರಿ ಓದುವ ಕೆಲಸ!" ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತು ವರ್ಷ ದುಡಿದ ನಾನು ಈ ಮಾತನ್ನು ಮದುವೆಮನೆಗಳಲ್ಲಿ, ಬಸ್ಸಿನಲ್ಲಿ, ಕಡೆಗೆ ಹಲ್ಲು ಕೀಳುವ ಡಾಕ್ಟರ ಬಾಯಲ್ಲೂ ಕೇಳಿದ್ದೇನೆ. ಆಗಂತೂ ಬಾಯಿ ತೆರೆದುಕೊಂಡೇ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಕಾದಂಬರಿ ಓದಲು ಪುರುಸೊತ್ತೆಲ್ಲಿ? ಹೊಸ ಪುಸ್ತಕ ಬಂದರೆ ರಿಜಿಸ್ಟರಿಗೆ ಏರಿಸಬೇಕು, ವಿಷಯ ನೋಡಿ ಸಂಖ್ಯೆ ಕೊಡಬೇಕು, ಬೆನ್ನಿಗೆ ಚೀಟಿ ಅಂಟಿಸಬೇಕು. ಮಳೆಗಾಲದಲ್ಲಿ ಗೆದ್ದಲಿನ ಜೊತೆ ಯುದ್ಧ ಬೇರೆ.

ಹಾಗಾದರೆ ಈ ಕೆಲಸಕ್ಕೆ ಯಾಕೆ ಬಂದೆ? ಪುಸ್ತಕಪ್ರೇಮದಿಂದ ಎಂದರೆ ಕೇಳಲು ಚೆಂದ. ನಿಜವೆಂದರೆ, ನನ್ನ ಬಿ.ಎ. ಮುಗಿದಾಗ ಅಪ್ಪ, "ಹೆಣ್ಣುಮಗಳಿಗೆ ನೆರಳಿನ ಕೆಲಸ, ಸಂಜೆಗೆ ಮನೆ" ಎಂದು ಲೆಕ್ಕ ಹಾಕಿ ಗ್ರಂಥಾಲಯ ವಿಜ್ಞಾನಕ್ಕೆ ಅರ್ಜಿ ತಂದರು. ಜೊತೆಯಲ್ಲಿ ಓದಿದವರ ಕಥೆಯೂ ಅಷ್ಟೇ. ಒಬ್ಬಳಿಗೆ ಬಿ.ಎಡ್. ಸೀಟು ಸಿಕ್ಕಿರಲಿಲ್ಲ, ಇನ್ನೊಬ್ಬಳಿಗೆ ಪಾಠ ಹೇಳಲು ಹೆದರಿಕೆ, ಮತ್ತೊಬ್ಬಳಿಗೆ ಮದುವೆ ಮುಂದೂಡಲು ಒಂದು ವರ್ಷ ಬೇಕಿತ್ತು.

ಇದರಲ್ಲಿ ನಾಚುವಂಥದ್ದೇನೂ ಇಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರೇ ಮದರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದವರು. 1924ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದದ್ದು ಹೆಚ್ಚಿನ ಸಂಬಳಕ್ಕಾಗಿ. ಸೇರಿದ ಸ್ವಲ್ಪ ದಿನಕ್ಕೇ ಆ ಒಂಟಿತನ ತಡೆಯಲಾರದೆ, ಮತ್ತೆ ಪಾಠಕ್ಕೇ ಕಳಿಸಿ ಎಂದು ದುಂಬಾಲು ಬಿದ್ದರಂತೆ! ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಮೇಲೆ ನೋಡೋಣ ಎಂದು ಅವರನ್ನು ಸಮಾಧಾನಪಡಿಸಿ ಕಳಿಸಿದರು. ಅಲ್ಲಿ ಎಲ್ಲ ಬಗೆಯ ಜನರಿಗೂ ಪುಸ್ತಕ ಸಿಗುವುದನ್ನು ಕಂಡು ಬಂದವರು ಗಣಿತದ ಮೇಷ್ಟರ ಕೆಲಸಕ್ಕೆ ಮರಳಲೇ ಇಲ್ಲ. ಪುಸ್ತಕವಿರುವುದು ಬೀಗ ಹಾಕಿಡಲಿಕ್ಕಲ್ಲ ಎಂಬ ಅರ್ಥದ ಸೂತ್ರವನ್ನೇ 1931ರಲ್ಲಿ ತಮ್ಮ ಐದು ಸೂತ್ರಗಳ ಮೊದಲಿಗಿಟ್ಟರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದರು. 1962ರಲ್ಲಿ ಅಲ್ಲಿ ತರಬೇತಿ ಕೇಂದ್ರವೊಂದನ್ನು ಆರಂಭಿಸಿದರು.

ನನಗೆ ಲಂಡನ್ ನೋಡುವ ಯೋಗವಿರಲಿಲ್ಲ. ನನ್ನನ್ನು ಇಲ್ಲಿ ಕಟ್ಟಿಹಾಕಿದವಳು ಮೊದಲ ಪಿ.ಯು.ಸಿ.ಯ ಒಬ್ಬ ಹುಡುಗಿ. ಮೂರು ದಿನ ಸುಮ್ಮನೆ ಕಪಾಟುಗಳ ಮಧ್ಯೆ ಸುತ್ತಾಡಿದಳು. ನಾಲ್ಕನೆಯ ದಿನ ಕೌಂಟರಿನಲ್ಲಿ ಯಾರೂ ಇಲ್ಲದ್ದು ನೋಡಿ, "ಮೇಡಂ, ಹುಡುಗೀರಿಗೆ ಎಷ್ಟು ವರ್ಷಕ್ಕೆ ಮದುವೆ ಮಾಡಬಹುದು ಅಂತ ಬರೆದಿರೋ ಪುಸ್ತಕ ಇದೆಯಾ?" ಎಂದಳು. ಯಾರಿಗೆ, ಯಾಕೆ ಎಂದು ನಾನು ಕೇಳಲಿಲ್ಲ. ಕಾನೂನಿನ ಪುಸ್ತಕ ತೆಗೆದು ಪುಟ ತೋರಿಸಿದೆ. 1978ರ ತಿದ್ದುಪಡಿಯಂತೆ ಹದಿನೆಂಟು. ಅವಳು ನಿಂತಲ್ಲೇ ಅದನ್ನು ನೋಟ್‌ಬುಕ್ಕಿಗೆ ಬರೆದುಕೊಂಡು, ತಪ್ಪಿಲ್ಲ ತಾನೆ ಎಂದು ಎರಡು ಸಲ ಹೋಲಿಸಿ ನೋಡಿದಳು. ಮನೆಯಲ್ಲಿ ಏನು ನಡೆಯಿತೋ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಮುಂದಿನ ಜೂನಿನಲ್ಲಿ ಎರಡನೇ ಪಿ.ಯು.ಸಿ.ಯ ಲೈಬ್ರರಿ ಕಾರ್ಡಿಗೆ ಸಹಿ ಹಾಕಿಸಲು ಬಂದಳು. ಅವತ್ತು ಅಪ್ಪನ ಲೆಕ್ಕಾಚಾರಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಈಗ ತಂಗಿಯ ಮಗಳು ಇದೇ ಕೋರ್ಸಿಗೆ ಸೇರಲೇ ಎಂದು ಕೇಳುತ್ತಿದ್ದಾಳೆ. ಖಾಯಂ ಕೆಲಸ ಸಿಗುವುದು ಕಷ್ಟ, ಕಂಪ್ಯೂಟರ್ ಚೆನ್ನಾಗಿ ಬರಬೇಕು, ಎಲ್ಲವನ್ನೂ ಹೇಳಿದೆ.

"ಓದೋಕೆ ಟೈಮ್ ಸಿಗತ್ತಾ ದೊಡ್ಡಮ್ಮಾ?"

"ಇಲ್ಲ ಕಣೇ."

"ಜನ ಬರ್ತಾರಾ?"

ಅರ್ಜಿಗೆ ಫೋಟೋ ತೆಗೆಸಿಕೊಂಡು ಬಾ ಎಂದು ದುಡ್ಡು ಕೊಟ್ಟು ಕಳಿಸಿದೆ.