ತುಕ್ಕಿನ ಹಿಡಿತ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೊಲಗಳಲ್ಲಿ ಅಡ್ಡಾಡುವವರಿಗೆ ಒಂದು ನೋಟ ಆಗಾಗ ಕಣ್ಣಿಗೆ ಬೀಳುತ್ತದೆ. ಕಲ್ಲು ಕಟ್ಟಿದ ಹಳೆಯ ಬಾವಿ; ದಡದಲ್ಲಿ ತಗಡಿನ ಗುಡಿಸಲು; ಅದರೊಳಗೆ ಎರಡು ಭಾರವಾದ ಗಾಲಿಗಳ ಡೀಸೆಲ್ ಎಂಜಿನ್ನು, ಬೆಲ್ಟು ಕಳಚಿದ ಒಂದು ಪಂಪು. ಬಡಗಣಕ್ಕೆ ಭೀಮೆ, ತೆಂಕಣಕ್ಕೆ ಕೃಷ್ಣೆ ಹರಿಯುತ್ತಿದ್ದರೂ ನಡುವಣ ಎರೆಭೂಮಿಗೆ ಮಳೆಯೇ ಗತಿಯಾಗಿದ್ದ ದಿನಗಳಲ್ಲಿ, ಎತ್ತುಗಳ ಹೆಗಲಿನಿಂದ ನೀರೆತ್ತುವ ಭಾರವನ್ನು ಇಳಿಸಿದ್ದು ಈ ಯಂತ್ರಗಳೇ. ಕೊಳವೆ ಬಾವಿಗಳು ಬಂದ ಮೇಲೆ ಅವುಗಳನ್ನು ಕೇಳುವವರಿಲ್ಲವಾಯಿತು.

ಈ ನಾಡಿನ ರೈತನು ಕಬ್ಬಿಣವನ್ನು ಸುಲಭವಾಗಿ ನಂಬಿದವನಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಕಬ್ಬಿಣದ ನೇಗಿಲನ್ನು ಮಾಡಿ ಮಾರಹೊರಟಾಗ, ಅದು ಭೂಮಿಗೆ ವಿಷವಾದೀತೆಂದು ಜನ ಹಿಂಜರಿದರಂತೆ. ಮುಂದೆ ಅದೇ ಕಬ್ಬಿಣ ನೇಗಿಲಾಗಿ, ಪಂಪಾಗಿ, ಎಂಜಿನ್ನಾಗಿ ಮನೆಯ ಎತ್ತಿನಷ್ಟೇ ಹತ್ತಿರದ್ದಾಯಿತು. ಆದರೆ ಎತ್ತು ಹಸಿದರೆ ಕೂಗುತ್ತದೆ. ಯಂತ್ರ ಮೂಲೆಯಲ್ಲಿ ಕುಳಿತು ಸುಮ್ಮನೆ ತುಕ್ಕು ಹಿಡಿಯುತ್ತದೆ.

ಇಂಡಿ ತಾಲ್ಲೂಕಿನ ಒಂದು ಲಿಂಬೆಯ ತೋಟದಲ್ಲಿಯೂ ಹಾಗೆಯೇ ಆಗಿತ್ತು. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟ ವರ್ಷ ಆ ತೋಟದ ಕೊಳವೆ ಬಾವಿ ಬತ್ತಿಹೋಯಿತು. ಆಮೇಲೆ ಹತ್ತಿರದ ಕೆರೆಗೆ ಕಾಲುವೆಯ ನೀರು ಬಂದು, ಹಳೆಯ ಬಾವಿಯ ಸೆಲೆ ಮರಳಿ ಜೀವ ಹಿಡಿಯಿತು. ನೀರೇನೋ ಉಂಟು, ಮೇಲೆತ್ತುವ ಬಗೆ ಯಾವುದು? ಬಾವಿಯ ಬಳಿಗೆ ವಿದ್ಯುತ್ತಿನ ತಂತಿ ಇರಲಿಲ್ಲ. ಹೊಸ ಪಂಪಿಗೆ ಕೈಯಲ್ಲಿ ಹಣವಿರಲಿಲ್ಲ. ಲಿಂಬೆಗೆ ಒಳ್ಳೆಯ ಬೆಲೆ ಬರುವುದು ಬೇಸಗೆಯಲ್ಲಿ. ಆ ಕಾಯಿಗಳು ಆಗಲೇ ಗೋಲಿಯಷ್ಟಾಗಿದ್ದುವು. ನೀರು ತಡವಾದರೆ ಅವು ಉದುರಿ ನೆಲ ಸೇರುವುದು ನಿಶ್ಚಯ.

ಎಂಜಿನ್ನನ್ನು ತೊಳೆದು, ಎಣ್ಣೆ ಬದಲಿಸಿ, ಹಿಡಿಕೆ ಹಾಕಿ ತಿರುಗಿಸಿದಾಗ ಅದು ಹೊಗೆಯುಗುಳಿ ಎದ್ದೇಬಿಟ್ಟಿತು. ಪಂಪು ಮಾತ್ರ ಜಗ್ಗಲಿಲ್ಲ. ಅದರ ಷಾಫ್ಟು ಬೇರಿಂಗುಗಳಲ್ಲಿ ಸಿಕ್ಕಿಬಿದ್ದಿತ್ತು. ಷಾಫ್ಟನ್ನು ಹೊರತೆಗೆಯಬೇಕಾದರೆ ಅದರ ತುದಿಯಲ್ಲಿದ್ದ, ಬೆಲ್ಟು ಓಡುವ ರಾಟೆಯನ್ನು ಮೊದಲು ಕಳಚಬೇಕು. ರಾಟೆಯೂ ಷಾಫ್ಟೂ ಒಂದೇ ಎರಕವೆಂಬಂತೆ ಬೆಸೆದುಕೊಂಡಿದ್ದುವು.

ತೋಟದ ಯಜಮಾನನ ಮಗನು ತರುಣ, ತಾಳ್ಮೆ ಕಡಿಮೆ. ಅವನು ದೊಡ್ಡ ಸುತ್ತಿಗೆ ತಂದು ಷಾಫ್ಟಿನ ತುದಿಗೆ ಹತ್ತಾರು ಏಟು ಹಾಕಿದನು. ಷಾಫ್ಟು ಕೂದಲೆಳೆಯಷ್ಟೂ ಸರಿಯಲಿಲ್ಲ. ಏಟು ತಿಂದ ತುದಿ ಅಣಬೆಯ ತಲೆಯಂತೆ ಅಗಲವಾಯಿತು. ರಂಧ್ರಕ್ಕಿಂತ ತುದಿಯೇ ದಪ್ಪವಾದ ಮೇಲೆ ಅದು ಹೊರಬರುವುದಾದರೂ ಹೇಗೆ?

ಮರುದಿನ ಮೇಸ್ತ್ರಿ ಬಂದರು. ಎಪ್ಪತ್ತು ದಾಟಿದವರು. ಈ ನಾಲ್ಕು ತಾಲ್ಲೂಕುಗಳ ಬಾವಿಗಳಿಗೆ ಸೈಕಲ್ಲಿನ ಮೇಲೆ ಪಾನಾಗಳ ಚೀಲ ಹೇರಿಕೊಂಡು ಓಡಾಡಿದ ಜೀವ. ಷಾಫ್ಟಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ ಕೇಳಿದರು:

“ಯಾರು ಹೊಡೆದವರು?”

“ನಾನೇ, ಕಾಕಾ,” ಎಂದನು ತರುಣ.

“ಏಟು ತುದಿಗೆ ಬಿತ್ತು, ತಮ್ಮಾ. ತುಕ್ಕಿಗೆ ಮುಟ್ಟಲಿಲ್ಲ.”

ಬೈಗುಳ ಅಷ್ಟೇ. ಅರವನ್ನು ಅವನ ಕೈಗೇ ಕೊಟ್ಟು, ಅಣಬೆಯಂತಾದ ಅಂಚನ್ನು ಉಜ್ಜಿ ಮೊದಲಿನ ಅಳತೆಗೆ ತರಲು ಹೇಳಿದರು. ಹತ್ತು ಏಟಿನ ತಪ್ಪನ್ನು ತಿದ್ದಲು ಅರ್ಧ ದಿನ ಹಿಡಿಯಿತು.

ಅಷ್ಟರಲ್ಲಿ ಮೇಸ್ತ್ರಿ ತಂತಿಯ ಬ್ರಷ್ಷಿನಿಂದ ಕೀಲನ್ನು ಉಜ್ಜಿದರು. ಚಿಮಣಿ ಎಣ್ಣೆಗೆ ತುಸು ಎಂಜಿನ್ ಎಣ್ಣೆ ಬೆರೆಸಿ, ಸಂದಿಯೊಳಕ್ಕೆ ಹನಿಹನಿಯಾಗಿ ಬಿಟ್ಟರು. ಬಿಟ್ಟು, ಚಿಕ್ಕ ಸುತ್ತಿಗೆಯಿಂದ ರಾಟೆಯ ನಡುಭಾಗವನ್ನು ಸುತ್ತಲೂ ಮೆಲ್ಲನೆ ತಟ್ಟಿದರು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಹೆಚ್ಚುತ್ತದೆ. ಇಕ್ಕಟ್ಟಾದ ಸಂದಿಯಲ್ಲಿ ಹಾಗೆ ಉಬ್ಬಿದ ತುಕ್ಕು ಬೆಣೆಯಂತೆ ಬಿಗಿದುಕೊಳ್ಳುತ್ತದೆ. ತಟ್ಟಿದಾಗಿನ ಅದುರಾಟದಿಂದ ಆ ತುಕ್ಕಿನಲ್ಲಿ ಸಣ್ಣ ಬಿರುಕುಗಳು ಮೂಡಿ, ಎಣ್ಣೆಗೆ ದಾರಿಯಾಗುತ್ತದೆ. ಈ ಕೆಲಸ ಎರಡು ದಿನ ನಡೆಯಿತು. ನೋಡುವವರಿಗೆ ಮುದುಕರು ಸುಮ್ಮನೆ ಕುಳಿತಂತೆಯೇ ತೋರಿತು. ಯಜಮಾನರು ಲಿಂಬೆಯ ಗಿಡಗಳ ಕಡೆಗೊಮ್ಮೆ, ಮೇಸ್ತ್ರಿಯ ಕಡೆಗೊಮ್ಮೆ ನೋಡುತ್ತ ಬೀಡಿ ಸೇದಿದರು.

ಆತುರಪಡದಿರುವುದಕ್ಕೆ ಕಾರಣವಿತ್ತು. ರಾಟೆಯೂ ಪಂಪಿನ ಮೈಯೂ ಬೀಡುಕಬ್ಬಿಣದವು. ಉಕ್ಕು ಬಾಗಬಹುದು, ಬೀಡು ಬಾಗುವುದನ್ನು ಅರಿಯದು, ಒಡೆಯುತ್ತದೆ. ಅಷ್ಟು ಹಳೆಯ ಪಂಪಿಗೆ ಹೊಂದುವ ಬದಲಿ ಭಾಗ ಪೇಟೆಯಲ್ಲಿ ಸಿಗುವುದು ದುರ್ಲಭ.

ಮೂರನೆಯ ದಿನ ಮೇಸ್ತ್ರಿ ಷಾಫ್ಟಿಗೂ ರಾಟೆಗೂ ನಡುವೆ ಕೂಡಿಸಿದ್ದ ಉಕ್ಕಿನ ಚಾವಿಯ ತಲೆಯ ಹಿಂದೆ ಬೆಣೆಯಿಟ್ಟು, ಅದನ್ನು ಮಿಲಿಮೀಟರು ಮಿಲಿಮೀಟರಾಗಿ ಹೊರಗೆಳೆದರು. ಬಳಿಕ ಎಣ್ಣೆಯನ್ನೆಲ್ಲ ಒರೆಸಿ ತೆಗೆದು, ಎಣ್ಣೆಯ ಡಬ್ಬಿಯನ್ನು ದೂರದ ಬೇವಿನ ಮರದ ಕೆಳಗೆ ಇಡಿಸಿದರು. ಮೂರು ಕಾಲಿನ ಪುಲ್ಲರನ್ನು ರಾಟೆಗೆ ಕಚ್ಚಿಸಿ, ಅದರ ತಿರುಪನ್ನು ಷಾಫ್ಟಿನ ತುದಿಗೆ ಊರಿ ಬಿಗಿಮಾಡಿದರು. ಷಾಫ್ಟಿಗೆ ಒದ್ದೆಯ ಬಟ್ಟೆ ಸುತ್ತಿ, ಬ್ಲೋ ಲ್ಯಾಂಪಿನ ಉರಿಯನ್ನು ರಾಟೆಯ ನಡುಭಾಗಕ್ಕೆ ಸುತ್ತಲೂ ಒಂದೇ ಸಮನೆ ಹಿಡಿದರು.

“ಚಕ್ಕಡಿ ಗಾಲಿಗೆ ಹಳಿ ಏರಿಸೋದು ನೋಡೀಯೇನು?” ಎಂದು ತರುಣನನ್ನು ಕೇಳಿದರು.

ಅವನು ನೋಡಿರಲಿಲ್ಲ. ಅವನ ಬಾಲ್ಯದ ಹೊತ್ತಿಗೆ ರಬ್ಬರ್ ಟೈರಿನ ಬಂಡಿಗಳು ಬಂದಿದ್ದುವು. ಗಾಲಿಗಿಂತ ತುಸು ಕಿರಿದಾದ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಗಾಲಿಗೆ ತೊಡಿಸಿ, ನೀರು ಸುರಿದು ಬಿಗಿಗೊಳಿಸುವುದು ಕಮ್ಮಾರರ ಪದ್ಧತಿ. ಇಲ್ಲಿ ಅದೇ ವಿದ್ಯೆ ತಿರುಗುಮುರುಗಾಗಿ ನಡೆಯಬೇಕಾಗಿತ್ತು. 38 ಮಿಲಿಮೀಟರಿನ ಬೀಡಿನ ರಂಧ್ರ 150 ಡಿಗ್ರಿ ಸೆಲ್ಸಿಯಸ್ಸಿನಷ್ಟು ಹೆಚ್ಚು ಕಾಯ್ದರೆ ಹಿಗ್ಗುವುದು ಸುಮಾರು 0.06 ಮಿಲಿಮೀಟರು, ತಲೆಗೂದಲಿನ ದಪ್ಪದಷ್ಟು. ಒಳಗಿನ ಷಾಫ್ಟು ಮಾತ್ರ ತಂಪಾಗಿಯೇ ಇರಬೇಕು. ಎರಡೂ ಕೂಡಿ ಕಾಯ್ದರೆ ಕೂಡಿಯೇ ಹಿಗ್ಗುತ್ತವೆ. ಕಾಯ್ದ ಬೀಡಿಗೆ ನೀರು ಸೋಂಕಿದರೆ ಅದು ಬಿರಿಯುತ್ತದೆಂದು, ಒದ್ದೆಯ ಬಟ್ಟೆ ರಾಟೆಗೆ ತಾಗದಂತೆ ಮೇಸ್ತ್ರಿ ಕಣ್ಣಿಟ್ಟಿದ್ದರು.

“ಈಗ ತಿರುವು. ಅರ್ಧ ಸುತ್ತು. ನಿಲ್ಲು.”

ಏನೂ ಆಗಲಿಲ್ಲ. ಮತ್ತೆ ಉರಿ, ಮತ್ತೆ ಕಾಲು ಸುತ್ತು. ಆಗ ಒಳಗೆಲ್ಲೋ ‘ಟಕ್’ ಎಂದಿತು. ಯಜಮಾನರು ರಾಟೆ ಒಡೆಯಿತೆಂದೇ ಬಗೆದು ಮುಖ ತಿರುಗಿಸಿದರು. ಮೇಸ್ತ್ರಿ ನಕ್ಕರು. ರಾಟೆ ನೂಲಿನಷ್ಟು ಈಚೆಗೆ ಸರಿದಿತ್ತು. ಸರಿದ ಜಾಗದಲ್ಲಿ ಕೆಂಪು ಪುಡಿ ಉದುರುತ್ತಿತ್ತು.

ಮಿಕ್ಕ ಕೆಲಸಕ್ಕೆ ಹೆಚ್ಚು ಹೊತ್ತಾಗಲಿಲ್ಲ. ಷಾಫ್ಟಿನ ತುದಿಗೆ ಹಿತ್ತಾಳೆಯ ತುಂಡನ್ನಿಟ್ಟು ತಟ್ಟಿದಾಗ ಅದು ಹಾಳಾದ ಬೇರಿಂಗುಗಳೊಡನೆ ಈಚೆಗೆ ಬಂದಿತು. ಬೇರಿಂಗಿನ ಅಂಚಿನಲ್ಲಿ 6308 ಎಂದು ಕೊರೆದಿತ್ತು. ಆ ಸಂಖ್ಯೆಯ ಕೊನೆಯ 08ನ್ನು ಐದರಿಂದ ಗುಣಿಸಿದರೆ ಒಳರಂಧ್ರದ ಅಳತೆ ಸಿಗುತ್ತದೆ: 40 ಮಿಲಿಮೀಟರು. ಜಗತ್ತಿನ ಯಾವ ದೇಶದಲ್ಲಿ ತಯಾರಾದರೂ ಆ ಸಂಖ್ಯೆಗೆ ಆ ಅಳತೆಯೇ. ತರುಣನು ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಇಂಡಿಯ ಪೇಟೆಗೆ ಹೋದನು. ಸಂಜೆಯೊಳಗೆ ಹೊಸ ಬೇರಿಂಗುಗಳೊಡನೆ ಮರಳಿದನು.

ಮರುದಿನ ಹೊಸ ಬೇರಿಂಗುಗಳ ಮೇಲೆ ಷಾಫ್ಟು ಬೆರಳಿನ ತಳ್ಳಿಗೇ ತಿರುಗಿತು. ರಾಟೆ ಏರಿಸಿ, ಬೆಲ್ಟು ಹಾಕಿ, ಪಂಪಿನೊಳಗೆ ಕೊಡದಿಂದ ನೀರು ತುಂಬಿಸಿ, ಗಾಳಿಯೆಲ್ಲ ಹೊರಟ ಮೇಲೆ ಎಂಜಿನ್ನನ್ನು ಹೂಡಿದರು. ಕೊಳವೆ ಎರಡು ಬಾರಿ ಕೆಮ್ಮಿ ಕೆಂಪು ನೀರು ಉಗುಳಿತು. ಆಮೇಲೆ ತಿಳಿನೀರು ಬಂದಿತು. ಅದು ಗಿಡಗಳ ಮೂರನೆಯ ಸಾಲಿನ ಮಡಿಗಳನ್ನು ಮುಟ್ಟುವ ಹೊತ್ತಿಗೆ ಮೇಸ್ತ್ರಿ ಕೈ ತೊಳೆದುಕೊಂಡು, ಸಿಂದಗಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗಿದೆಯೆಂದು ವಿಚಾರಿಸುತ್ತಿದ್ದರು.