ಎತ್ತರ, ದೊಡ್ಡದು, ಇಪ್ಪತ್ತು

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಅಂಚಿನಲ್ಲಿ, ಕಡಲ ಚಾಚೊಂದರ ದಡದ ಮೇಲೆ, ಸಿಯಾಟಲ್ ನಗರವಿದೆ. ಅಲ್ಲಿನ ಪೈಕ್ ಪ್ಲೇಸ್ ಮಾರುಕಟ್ಟೆ 1907ರಲ್ಲಿ ಆರಂಭವಾದದ್ದು. ಮೀನು, ಹೂವು, ಹಣ್ಣುಗಳ ಮಳಿಗೆಗಳ ಸನಿಹದಲ್ಲಿ ಕಾಫಿಯಂಗಡಿಯೊಂದರ ಮುಂದೆ ಪ್ರವಾಸಿಗರು ಸಾಲುಗಟ್ಟಿ ನಿಂತಿರುತ್ತಾರೆ. ತುಂತುರು ಮಳೆ ಆ ಊರಿಗೆ ಹೊಸತಲ್ಲ. ಜಗತ್ತನ್ನೆಲ್ಲ ಹಬ್ಬಿದ ಸ್ಟಾರ್‌ಬಕ್ಸ್ 1971ರಲ್ಲಿ ಹುಟ್ಟಿದ್ದು ಹತ್ತಿರದ ಬೀದಿಯಲ್ಲಿ. ಅಂಗಡಿ ಈಗಿರುವ ಜಾಗಕ್ಕೆ ಬಂದದ್ದು 1976ರಲ್ಲಿ. ಆಗ ಅಲ್ಲಿ ಮಾರುತ್ತಿದ್ದುದು ಹುರಿದ ಬೀಜವನ್ನೇ ಹೊರತು ಬಟ್ಟಲಿನ ಕಾಫಿಯನ್ನಲ್ಲ.

ಸಾಲಿನಲ್ಲಿ ಮುಂದೆ ಬಂದ ಹೊಸಬನಿಗೆ ತೊಡಕು ಎದುರಾಗುವುದು ಹಲಗೆಯ ಬರಹದಿಂದ. ಟಾಲ್, ಗ್ರಾಂಡೆ, ವೆಂಟಿ ಎಂದು ಮೂರು ಹೆಸರುಗಳು. ಟಾಲ್ ಎಂದರೆ ಎತ್ತರದ್ದು. ಆದರೆ ಮೂರರಲ್ಲಿ ಅದೇ ಗಿಡ್ಡ. ಗ್ರಾಂಡೆ ಎಂದರೆ ಇಟಾಲಿಯನ್ ಭಾಷೆಯಲ್ಲಿ ದೊಡ್ಡದು. ಇಲ್ಲಿ ಅದು ನಡುವಿನದು. ವೆಂಟಿ ಎಂಬುದು ಗಾತ್ರವಾಚಕವೇ ಅಲ್ಲ, ಸಂಖ್ಯೆ: ಇಪ್ಪತ್ತು.

ಈ ಗೊಂದಲಕ್ಕೆ ಒಂದು ಚರಿತ್ರೆಯಿದೆ. ಅಂಗಡಿಯ ಮಾರಾಟ ವಿಭಾಗದಲ್ಲಿದ್ದ ಹೋವರ್ಡ್ ಶುಲ್ಟ್ಜ್ 1983ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಹೋದರು. ಅಲ್ಲಿನ ಕಾಫಿ ಬಾರುಗಳ ಸೊಗಸಿಗೆ ಮನಸೋತು, 1986ರಲ್ಲಿ ಸಿಯಾಟಲ್‌ನಲ್ಲಿ 'ಇಲ್ ಜೊರ್ನಾಲೆ' ಎಂಬ ಸ್ವಂತ ಅಂಗಡಿಯನ್ನು ತೆರೆದರು. ಮರುವರ್ಷ ಸ್ಟಾರ್‌ಬಕ್ಸನ್ನೇ ಕೊಂಡರು. ಮೊದಲಿಗೆ ಅವರಲ್ಲಿದ್ದ ಗಾತ್ರಗಳು ಶಾರ್ಟ್, ಟಾಲ್, ಗ್ರಾಂಡೆ. ಅಂದರೆ ಎಂಟು, ಹನ್ನೆರಡು, ಹದಿನಾರು ಔನ್ಸು. ಗಿಡ್ಡದ್ದು ಗಿಡ್ಡವಾಗಿತ್ತು, ದೊಡ್ಡದು ದೊಡ್ಡದಾಗಿಯೇ ಇತ್ತು. 1990ರ ದಶಕದಲ್ಲಿ ಇಪ್ಪತ್ತು ಔನ್ಸಿನ ವೆಂಟಿ ಬಂದಿತು. ಶಾರ್ಟ್ ಹಲಗೆಯಿಂದ ಮರೆಯಾಯಿತು. ಏಣಿಯ ಕೆಳಗಿನ ಮೆಟ್ಟಿಲನ್ನು ತೆಗೆದು ಮೇಲೊಂದನ್ನು ಸೇರಿಸಿದಂತಾಯಿತು. ನಡುವಿನ ಮೆಟ್ಟಿಲುಗಳ ಹೆಸರನ್ನು ಮಾತ್ರ ಯಾರೂ ಬದಲಿಸಲಿಲ್ಲ.

ಇದು ಬರಿಯ ಶಬ್ದಚಮತ್ಕಾರವೆಂದು ನಕ್ಕು ಬಿಡುವಂತಿಲ್ಲ. ಶಾರ್ಟ್ ಎಂದರೆ ಸುಮಾರು 237 ಮಿಲಿಲೀಟರು, ಟಾಲ್ ಎಂದರೆ 355. ಬಿಸಿ ಕಾಫಿಗೆ ಚಿಕ್ಕ ಬಟ್ಟಲನ್ನು ಕೇಳಿದವರಿಗೆ ಕೊಡುವುದುಂಟು. ಆದರೆ ಕಣ್ಣಿಗೆ ಕಾಣದ್ದನ್ನು ಕೇಳುವವರು ಎಷ್ಟು ಮಂದಿ? ಅಷ್ಟೇ ಸಾಕಾಗಿದ್ದವನೂ ಅದರ ಒಂದೂವರೆಯಷ್ಟನ್ನು ಕೊಂಡು, ತಾನು ಚಿಕ್ಕದನ್ನೇ ಕೊಂಡೆನೆಂದು ತಿಳಿಯುತ್ತಾನೆ. ತಣ್ಣನೆಯ ಪಾನೀಯದ ವೆಂಟಿಯಲ್ಲಿ 'ಇಪ್ಪತ್ತು' ಎಂಬ ಹೆಸರಿನಡಿ ಇಪ್ಪತ್ನಾಲ್ಕು ಔನ್ಸುಗಳಿವೆ. 2011ರಲ್ಲಿ ಬಂದ ಟ್ರೆಂಟಾ, ಅಂದರೆ ಮೂವತ್ತು, ಹಿಡಿಸುವುದು ಮೂವತ್ತೊಂದು. ಒಂದು ಲೀಟರಿಗೆ ತುಸುವೇ ಕಡಿಮೆ!

ಇನ್ನು ಮಿಲಾನ್‌ನ ರೀತಿ ನೋಡಿ. ಬಾರಿನ ಕಟ್ಟೆಗೆ ಒರಗಿ ನಿಂತು 'ಉನ್ ಕಫೆ' ಎಂದರೆ ಸಾಕು, ಪುಟ್ಟ ಪಿಂಗಾಣಿ ಬಟ್ಟಲಿನ ತಳದಲ್ಲಿ ಸುಮಾರು 30 ಮಿಲಿಲೀಟರು ಕಪ್ಪು ಎಸ್ಪ್ರೆಸೊ ಬರುತ್ತದೆ. ಎಷ್ಟು ದೊಡ್ಡದು ಎಂದು ಯಾರೂ ಕೇಳುವುದಿಲ್ಲ. ನೀರು ಕಡಿಮೆಯಾದರೆ ರಿಸ್ತ್ರೆತ್ತೊ, ಹೆಚ್ಚಾದರೆ ಲುಂಗೊ. ಹಾಲಿನ ಕಲೆ ಬಿದ್ದರೆ ಮಕ್ಕಿಯಾತೊ, ಆ ಮಾತಿನ ಅರ್ಥವೇ ಕಲೆಯಾದದ್ದು. ಹೆಸರುಗಳೆಲ್ಲ ಪಾಕವನ್ನು ಹೇಳುತ್ತವೆ. ಸಿಯಾಟಲ್‌ನ ಅಭ್ಯಾಸದಿಂದ 'ಲಾತ್ತೆ' ಎಂದಷ್ಟೇ ಕೇಳಿದವನ ಮುಂದೆ ಬರಿಯ ಹಾಲು ಬಂದು ಕುಳಿತರೆ ಆಶ್ಚರ್ಯವಿಲ್ಲ. ಇಟಲಿಯಲ್ಲಿ ದ್ರವವನ್ನು ಅಳೆಯುವುದು ಲೀಟರಿನಲ್ಲಿ. ಹೀಗಾಗಿ ವೆಂಟಿ ಎಂಬುದು ಇಟಲಿಯ ನುಡಿ, ಅಮೆರಿಕದ ಅಳತೆ. ಇಟಲಿಯವನಿಗೆ ಅದರಿಂದ ಏನೂ ತಿಳಿಯದು. ಶುಲ್ಟ್ಜ್ ಪ್ರವಾಸ ಕಳೆದು 35 ವರ್ಷಗಳ ಮೇಲೆ, 2018ರಲ್ಲಿ, ಸ್ಟಾರ್‌ಬಕ್ಸ್ ಮಿಲಾನ್‌ನ ಕೊರ್ದೂಸಿಯೊ ಚೌಕದ ಹಳೆಯ ಅಂಚೆ ಭವನದಲ್ಲಿ ಬಾಗಿಲು ತೆರೆಯಿತು.

ಭಾರತಕ್ಕೆ ಅದು ಕಾಲಿಟ್ಟದ್ದು 2012ರಲ್ಲಿ, ಮುಂಬಯಿಯಲ್ಲಿ. ಬೆಂಗಳೂರಿಗೆ ಬಂದದ್ದು 2013ರಲ್ಲಿ. ಇಟಲಿಯ ಸಂಖ್ಯೆ ಹೊತ್ತ ಬಟ್ಟಲುಗಳು ಹೀಗೆ ಕಾಫಿ ಬೆಳೆಯುವ ನಾಡಿಗೇ ಬಂದವು. ಆದರೆ ಆ ಊರಿನ ದರ್ಶಿನಿಗಳಲ್ಲಿ ಗಾತ್ರಕ್ಕೆ ಬೇರೆಯೇ ಒಂದು ಮಾತಿದೆ. ಗೆಳೆಯರಿಬ್ಬರು ಕಟ್ಟೆಯ ಬಳಿ ನಿಂತು 'ಬೈಟು ಕಾಫಿ' ಎನ್ನುತ್ತಾರೆ. ಒಂದು ಕಾಫಿ ಎರಡು ಲೋಟಗಳಲ್ಲಿ ಹಂಚಿಕೊಂಡು ಬರುತ್ತದೆ. ಹೆಸರು ಇಂಗ್ಲಿಷ್ ಗಣಿತದ ಭಾಗಾಕಾರದ್ದು, ಆದರೂ ಅದರ ಅರ್ಥವನ್ನು ಅಲ್ಲಿ ಯಾರೂ ವಿವರಿಸಬೇಕಾಗಿಲ್ಲ.