ಮಾರಾಟಕ್ಕಿದ್ದ ಕಂಟೆಸ್ಸಾ

ಹಳೆಯ ಕಾರು ಕೊಳ್ಳಲು ಬರುವವರಲ್ಲಿ ಎರಡು ಬಗೆ. ಕೆಲವರು ಮೊದಲು ಬಾನೆಟ್ ಎತ್ತುತ್ತಾರೆ, ಕೆಲವರು ಮೊದಲು ಆರ್‌ಸಿ ಕೇಳುತ್ತಾರೆ. ಆರ್‌ಟಿಓ ಕಚೇರಿಯ ಎದುರು ಮರದಡಿ ಮೇಜು ಹಾಕಿಕೊಂಡು ಇಪ್ಪತ್ತೆಂಟು ವರ್ಷ ಜನರ ಫಾರಂ ತುಂಬಿಕೊಟ್ಟ ನನಗೆ ಎರಡನೆಯವರ ಮೇಲೆ ಗೌರವ, ಮೊದಲನೆಯವರ ಮೇಲೆ ಪ್ರೀತಿ. ಕಾರಿನ ಮೇಲೆ ಮನಸ್ಸಾಗುವುದು ಬಾನೆಟ್ ಎತ್ತಿದಾಗಲೇ ಹೊರತು ಕಾಗದ ಓದಿದಾಗಲ್ಲ. ಆದರೆ ಕಾರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದು ಕಾಗದದ ಮೇಲೆಯೇ. ಈ ಎರಡರ ನಡುವೆ ಸಿಕ್ಕಿಕೊಂಡ ಒಂದು ಕಾರಿನ ವಿಷಯ ಹೇಳಬೇಕಾಗಿದೆ.

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪದ ಹೆಸರನ್ನು ಓದುಗರು ಕೇಳಿರಬಹುದು. ಬಂಜಾರರಿಗೆ ಅದು ಭಾಯಾಗಡ್. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ್ದು ಇಲ್ಲಿ ಎಂಬುದು ಅವರ ನಂಬಿಕೆ. ಪ್ರತಿ ವರ್ಷ ಆ ಹೊತ್ತಿಗೆ ನಡೆಯುವ ಜಾತ್ರೆಗೆ ನಮ್ಮ ತಾಂಡಾಗಳಿಂದಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಜನ ಬರುತ್ತಾರೆ. ಮೆಕ್ಕೆಜೋಳ ಮುರಿದು ಖಾಲಿಯಾದ ಹೊಲಗಳೇ ಆಗ ಗಾಡಿ ನಿಲ್ಲಿಸುವ ಜಾಗ. 2024ರ ಜಾತ್ರೆಯಲ್ಲಿ ಅಲ್ಲಿ ನಿಂತ ಟ್ರ್ಯಾಕ್ಟರ್, ಕ್ರೂಸರ್, ಟಾಟಾ ಏಸ್‌ಗಳ ಮಧ್ಯೆ ಉದ್ದ ಮೂಗಿನ ಒಂದು ಕಪ್ಪು ಕಾರಿತ್ತು. ಹಿಂಭಾಗ ಎತ್ತರಿಸಿದ್ದರು, ಚಕ್ರಗಳು ಅಗಲ, ಬಾನೆಟ್ ಮೇಲೆ ಉದ್ದಕ್ಕೂ ಎರಡು ಬಿಳಿ ಪಟ್ಟೆ. ಮುಂದಿನ ಗಾಜಿನೊಳಗೆ ಒಂದು ರಟ್ಟು: ‘ಮಾರಾಟಕ್ಕಿದೆ. ಅಮೆರಿಕನ್ ಮಸಲ್ ಕಾರ್.’

ಅದು ಅಮೆರಿಕದ್ದಲ್ಲ, ಹಿಂದೂಸ್ತಾನ್ ಮೋಟಾರ್ಸ್‌ನ ಕಂಟೆಸ್ಸಾ. ಆದರೂ ರಟ್ಟಿನ ಮೇಲಿದ್ದದ್ದು ಪೂರಾ ಸುಳ್ಳು ಎನ್ನುವಂತಿರಲಿಲ್ಲ. ಅಮೆರಿಕದಲ್ಲಿ ಮಸಲ್ ಕಾರುಗಳ ಕಾಲ ಶುರುವಾದದ್ದು 1964ರಲ್ಲಿ. ಆ ವರ್ಷ ಜನರಲ್ ಮೋಟಾರ್ಸ್‌ನ ಪಾಂಟಿಯಾಕ್ ವಿಭಾಗದವರು ಸಾಧಾರಣ ಗಾತ್ರದ ಕಾರಿಗೆ 6.4 ಲೀಟರಿನ, ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ ಜಿಟಿಓ ಎಂದು ಮಾರಿದರು. ಶಕ್ತಿ 325 ಅಶ್ವಬಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟಾಂಗ್ ಬಂತು. ಎರಡು ವರ್ಷದೊಳಗೆ ಹತ್ತು ಲಕ್ಷ ಕಾರು ತಯಾರಾದವು. ಎರಡೇ ಬಾಗಿಲು, ಉದ್ದ ಮುಂಭಾಗ, ಗಿಡ್ಡ ಹಿಂಭಾಗ, ದುಡಿಯಲು ಶುರುಮಾಡಿದ ಹುಡುಗನೂ ಕಂತಿನಲ್ಲಿ ಕೊಳ್ಳಬಹುದಾದ ಬೆಲೆ. 1973ರ ತೈಲ ಬಿಕ್ಕಟ್ಟು ಆ ಸಂಭ್ರಮದ ಮೇಲೆ ನೀರು ಸುರಿಯಿತು. ಆ ಕಾಲದ ರೂಪವನ್ನು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿ ತನ್ನ ವಿಕ್ಟರ್ ಕಾರಿಗೆ ತಂದುಕೊಂಡಿತ್ತು. ವಾಕ್ಸ್‌ಹಾಲ್ 1925ರಿಂದಲೂ ಜನರಲ್ ಮೋಟಾರ್ಸ್‌ನ ಕೈಯಲ್ಲಿದ್ದ ಕಂಪನಿ. ವಿಕ್ಟರ್ ಅಲ್ಲಿ ನಿಂತುಹೋದ ಮೇಲೆ ಅದರ ಅಚ್ಚುಗಳು ಬಂಗಾಳದ ಉತ್ತರಪಾರಾಕ್ಕೆ ಬಂದವು. 1984ರಲ್ಲಿ ಕಂಟೆಸ್ಸಾ ಎಂಬ ಹೆಸರಿನಲ್ಲಿ ನಮ್ಮ ರಸ್ತೆಗಿಳಿದ ಕಾರಿಗೆ ಅಂಬಾಸಿಡರ್‌ನ ಒಂದೂವರೆ ಲೀಟರಿನ ಎಂಜಿನ್, ಸುಮಾರು 50 ಅಶ್ವಬಲ. ಪೈಲ್ವಾನನ ಮೈ, ಗುಮಾಸ್ತನ ಎದೆ! ಕೆಲವು ವರ್ಷಗಳ ನಂತರ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂದ ಮೇಲೆ ಅದಕ್ಕೆ ಉಸಿರು ಬಂತು. ಹವಾನಿಯಂತ್ರಣ ಹಾಕಿಸಿಕೊಂಡ ಸಾಹುಕಾರರ, ದೊಡ್ಡ ಅಧಿಕಾರಿಗಳ, ಸಿನಿಮಾದ ಖಳನಾಯಕರ ಕಾರಾಗಿ ಮೆರೆದು 2002ರಲ್ಲಿ ನಿಂತಿತು. ಈಗ ಅದನ್ನು ‘ನಮ್ಮ ದೇಶದ ಮಸಲ್ ಕಾರು’ ಎಂದು ಹುಡುಗರು ಗುಜರಿಯಿಂದ ಎತ್ತಿ ತರುತ್ತಾರೆ.

ಜಾತ್ರೆಯಲ್ಲಿ ಕಾರು ನಿಲ್ಲಿಸಿದ್ದ ಹುಡುಗ ಹತ್ತಿರದ ತಾಂಡಾದವನು. ಲಾರಿ ಡ್ರೈವರ್. ತಂದೆ ತಾಯಿ ವರ್ಷದಲ್ಲಿ ಆರು ತಿಂಗಳು ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಎಂದು ಊರು ಬಿಡುತ್ತಿದ್ದವರು. ಇವನು ಹದಿನಾರನೆಯ ವಯಸ್ಸಿಗೆ ಶಿವಮೊಗ್ಗದ ಒಂದು ಗ್ಯಾರೇಜಿಗೆ ಸೇರಿ ವೆಲ್ಡಿಂಗ್, ಟಿಂಕರಿಂಗ್ ಕಲಿತ. ಆ ಗ್ಯಾರೇಜಿನ ಉಸ್ತಾದರು ನನ್ನ ಹಳೆಯ ಸ್ನೇಹಿತರಾದ್ದರಿಂದ ಹುಡುಗ ನನ್ನನ್ನು ಚಾಚಾ ಎನ್ನುತ್ತಾನೆ. ಕಾರನ್ನು ಎಪ್ಪತ್ತು ಸಾವಿರಕ್ಕೆ ತಂದಿದ್ದ. 1994ರ ಗಾಡಿ, ನಂಬರು ಕೆಎ-14. (ಆಗ ಹೊನ್ನಾಳಿ, ನ್ಯಾಮತಿ, ಚನ್ನಗಿರಿಯೆಲ್ಲ ಶಿವಮೊಗ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ನಾವು ಕೆಎ-17ಕ್ಕೆ ಬಂದೆವು. ಹಳೆಯ ಗಾಡಿಗಳ ಹಣೆಯ ಮೇಲೆ ಮಾತ್ರ ಹಳೆಯ ಜಿಲ್ಲೆ ಉಳಿದಿದೆ.) ನಾಲ್ಕು ವರ್ಷ, ಲಾರಿಯಿಂದ ಇಳಿದ ದಿನಗಳಲ್ಲೆಲ್ಲ ಅದರ ಕೆಳಗೆ ಮಲಗಿದ. ತುಕ್ಕು ಹಿಡಿದ ತಳವನ್ನು ಕತ್ತರಿಸಿ ಹೊಸ ತಗಡು ಕೂರಿಸಿದ. ಬಿಳಿಯಿದ್ದದ್ದನ್ನು ಕಪ್ಪು ಮಾಡಿದ. ಜಪಾನಿನ ಆರು ಸಿಲಿಂಡರಿನ ಎಂಜಿನ್ ಹಾಕಿಸುವ ಶೋಕಿ ಬೆಂಗಳೂರಿನವರದು, ಇವನ ಕೈಗೆ ಎಟುಕಿದ್ದು ಕ್ವಾಲಿಸ್‌ನ ಡೀಸೆಲ್ ಎಂಜಿನ್. ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ಗಾಡಿಯದು, ಗಟ್ಟಿ ಎಂಜಿನ್. ಕಣ್ಣು ಬಿಟ್ಟು ನೋಡಿದರೆ ಅಮೆರಿಕ, ಕಣ್ಣು ಮುಚ್ಚಿ ಕೇಳಿದರೆ ನ್ಯಾಮತಿಯ ಟೆಂಪೋ.

ಇದೆಲ್ಲದರ ಮೇಲೆ ಇನ್ನೊಂದು ಕೆಲಸ ಮಾಡಿದ್ದ. ಮಸಲ್ ಕಾರಿಗೆ ಎರಡೇ ಬಾಗಿಲು ತಾನೆ? ಕಂಟೆಸ್ಸಾಕ್ಕೆ ನಾಲ್ಕು. ಹಿಂದಿನೆರಡು ಬಾಗಿಲುಗಳ ಹಿಡಿಕೆ ಕಿತ್ತು, ಸಂದು ಮುಚ್ಚಿ, ಬೆಸೆದುಬಿಟ್ಟಿದ್ದ. ಅವನ ತಾಯಿ, ಅವನ ಮಾತಿನಲ್ಲಿ ಯಾಡಿ, ಆ ಕಾರಿನಲ್ಲಿ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಸೀರೆ ಎತ್ತಿಕೊಂಡು, ಮಂಡಿನೋವಿನಲ್ಲಿ ಹಿಂದಕ್ಕೆ ತೂರಬೇಕಿತ್ತು. ಆಕೆ ಒಮ್ಮೆ ತೂರಿದವಳು ಮತ್ತೆ ಕಾರಿನ ಹತ್ತಿರ ಬಂದಿರಲಿಲ್ಲ.

ಮಾರಲು ಕಾರಣ ತಂಗಿ. ನರ್ಸಿಂಗ್ ಸೀಟು ಸಿಕ್ಕರೆ ಕಟ್ಟಬೇಕಾದ ಶುಲ್ಕ ಮನೆಯಲ್ಲಿರಲಿಲ್ಲ. ಹುಡುಗ ಐದೂವರೆ ಲಕ್ಷ ಕೇಳುತ್ತಿದ್ದ. ಜಾತ್ರೆಗೆ ಬಂದ ಹುಡುಗರು ಕಾರಿಗೆ ಒರಗಿ ಫೋಟೋ ತೆಗೆಸಿಕೊಂಡರು, ಬೆಲೆ ಕೇಳಿದವರು ಕಡಿಮೆ. ಒಬ್ಬ ಮುದುಕರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇದು ಏನು ಹೊರುತ್ತಪ್ಪಾ?” ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ನನಗೆ ಆ ಪ್ರಶ್ನೆ ಹಿಡಿಸಿತು. ಲದೇಣಿ ಎಂದರೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುವ ವ್ಯಾಪಾರ. ಅದನ್ನು ತಲೆಮಾರುಗಳ ಕಾಲ ನಡೆಸಿದ ಸಮುದಾಯದ ಪ್ರಶ್ನೆ ಅದು. 1791–92ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್‌ನ ಸೈನ್ಯಕ್ಕೆ ದವಸ ಮುಟ್ಟಿಸಿದವರು ಬಂಜಾರರು. ರೈಲು ಬಂದು ಆ ಕಸುಬನ್ನು ನುಂಗಿತು. ಹಾಗೆಂದು ಅವರಿಗೆ ಗಾಡಿ ಸಿಂಗರಿಸುವುದು ಹೊಸದೇನಲ್ಲ. ಸಾಲಿನ ಮುಂದೆ ನಡೆಯುವ ಎತ್ತಿಗೆ ಕವಡೆ, ಗೆಜ್ಜೆ, ಕನ್ನಡಿ ಹೊಲಿದ ಜೂಲು ಹಾಕಿದವರೇ ಅವರು. ಆದರೆ ಆ ಎತ್ತು ಹೊರೆಯನ್ನೂ ಹೊರುತ್ತಿತ್ತು.

ಎರಡನೆಯ ದಿನ ಸಂಜೆ ಒಬ್ಬ ಗಿರಾಕಿ ಸಿಕ್ಕ. ತೆಲಂಗಾಣದ ಕಡೆಯ ಯುವಕ, ಕೈಯಲ್ಲಿ ಹಣ, ಕಣ್ಣಲ್ಲಿ ಆಸೆ. ಬಾನೆಟ್ ಎತ್ತುವ ಜಾತಿ. ಐದು ಲಕ್ಷ ಕೊಡುತ್ತೇನೆ, ಬೆಳಿಗ್ಗೆ ಒಯ್ಯುತ್ತೇನೆ ಎಂದ. ಆರ್‌ಸಿ ತಿರುವಿಯೂ ನೋಡಲಿಲ್ಲ. ಹುಡುಗ ನನ್ನನ್ನು ಪಕ್ಕಕ್ಕೆ ಕರೆದ.

“ಚಾಚಾ, ಅವರು ಕೇಳದಿದ್ದರೆ ನಾನಾಗಿ ಹೇಳಬೇಕಾ?”

ಅವನು ಹೇಳಬೇಕಾಗಿದ್ದದ್ದು ಕಡಿಮೆಯೇನಿರಲಿಲ್ಲ. ಆರ್‌ಸಿಯಲ್ಲಿರುವುದು ಪೆಟ್ರೋಲ್, ಗಾಡಿಯಲ್ಲಿರುವುದು ಡೀಸೆಲ್. ಆರ್‌ಸಿಯ ಎಂಜಿನ್ ನಂಬರು ಒಂದು, ಬಾನೆಟ್ ಕೆಳಗಿನದು ಇನ್ನೊಂದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ ಎಂದಾಯಿತು. ಇದು ಸಾಲದೆಂಬಂತೆ, ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಗಾಡಿಯದು 2024ರಲ್ಲೇ ಮುಗಿಯುತ್ತಿತ್ತು. 2022ರ ಏಪ್ರಿಲ್‌ನಿಂದ ಶುಲ್ಕ ಐದು ಸಾವಿರವಾಗಿತ್ತು (ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಹತ್ತು ಸಾವಿರ ಮಾಡಿದರು). ಹಣ ಹೇಗೋ ಕಟ್ಟಬಹುದು, ಆದರೆ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿದ ಕೂಡಲೇ ಕಥೆ ಮುಗಿಯುತ್ತದೆ. ನಡುವೆ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಹೆಸರು ವರ್ಗಾವಣೆಯಾಗುವವರೆಗೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಬಿಟ್ಟಿದೆ.

ನಾನು ಈ ಕೊನೆಯ ಮಾತನ್ನೇ ಹೇಳಿದೆ. ಕಾಗದದ ಮನುಷ್ಯ, ಹೆದರಿಸುವುದು ನನಗೆ ಸುಲಭ. ಜಾತ್ರೆ ನೋಡಲು ಬಂದಿದ್ದ ಉಸ್ತಾದರು ಮಾತ್ರ ಕಾನೂನು ಎತ್ತಲಿಲ್ಲ. “ನೆನೆದ ಕಾಳು ಮೇಲಿರಲಿ ಬೇಟಾ” ಎಂದರು, ಅಷ್ಟೇ. ಸಂತೆಯಲ್ಲಿ ಒಬ್ಬ ವ್ಯಾಪಾರಿಯ ಕಾಳಿನ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿದಾಗ ಒಳಗೆ ತೇವವಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ನೆನೆದದ್ದನ್ನು ಜನ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ಉಸ್ತಾದರ ಗ್ಯಾರೇಜಿನಲ್ಲಿ ಈ ಪ್ರಸಂಗ ಸ್ಪ್ಯಾನರಿನಷ್ಟೇ ಬಳಕೆಯಲ್ಲಿದೆ. ಪುಟ್ಟಿ ಹಚ್ಚಿ ಮುಚ್ಚಿದ ಜಾಗಕ್ಕೆಲ್ಲ ಅವರು ಗಿರಾಕಿಯ ಬೆರಳನ್ನೇ ಹಿಡಿದು ಮುಟ್ಟಿಸುತ್ತಾರೆ.

ಹುಡುಗ ಹೋಗಿ ಹೇಳಿದ. ಎಂಜಿನ್, ಬಾಗಿಲು, ತಳದ ತಗಡು, ಬಣ್ಣ, ಆ ‘ಅಮೆರಿಕನ್’ ಎಂಬ ಮಾತು ಎಲ್ಲವನ್ನೂ. ಯುವಕ ಅರ್ಧ ಗಂಟೆ ಫೋನಿನಲ್ಲಿ ಯಾರೊಂದಿಗೋ ಮಾತಾಡಿ, ಎರಡು ಲಕ್ಷಕ್ಕೆ ಇಳಿದು, ಆಮೇಲೆ ಅದೂ ಬೇಡವೆಂದು ಹೋದ. ಹುಡುಗ ಮೂರು ವಾರ ನನ್ನ ಫೋನ್ ಎತ್ತಲಿಲ್ಲ. ಅವನ ಸಿಟ್ಟು ನ್ಯಾಯವಾದದ್ದೇ. ನಾಲ್ಕು ವರ್ಷದ ಬೆವರಿಗೆ ಯಾವ ಫಾರಂನಲ್ಲೂ ಒಂದು ಕಾಲಂ ಇಲ್ಲ.

ಅಮೆರಿಕದಲ್ಲಿ ಇಂಥ ಕಾರುಗಳ ಜಾಹೀರಾತು ಬೇರೆ ರೀತಿ. ಕಾರ್ಖಾನೆಯಲ್ಲಿ ಕೂರಿಸಿದ ಎಂಜಿನ್ನೇ ಇದ್ದು ನಂಬರು ತಾಳೆಯಾದರೆ ಅದಕ್ಕೊಂದು ಬೆಲೆ. ಬದಲಿಸಿದ್ದರೆ ‘ರೆಸ್ಟೊಮಾಡ್’ ಎಂದು ಬರೆದು, ಬ್ರೇಕಿನಿಂದ ಹಿಡಿದು ಸೀಟಿನವರೆಗೆ ಏನೇನು ಬದಲಾಗಿದೆ ಎಂದು ಪಟ್ಟಿ ಕೊಡುತ್ತಾರೆ. ಒಳ್ಳೆಯ ಕೈಕೆಲಸವಾದರೆ ಹೆಚ್ಚು ಬೆಲೆಯೂ ಸಿಗುವುದುಂಟು. ಜರ್ಮನಿಯಲ್ಲಿ ತಜ್ಞರು ಗಾಡಿಯನ್ನು ತಪಾಸಣೆ ಮಾಡಿ, ಸುರಕ್ಷಿತವಾಗಿದ್ದರೆ ಬದಲಾವಣೆಯನ್ನು ಅದರ ದಾಖಲೆಯಲ್ಲೇ ಸೇರಿಸುವ ಪದ್ಧತಿಯಿದೆ. ನಮ್ಮಲ್ಲಿ 2021ರಲ್ಲಿ ವಿಂಟೇಜ್ ವಾಹನಗಳಿಗೆಂದು ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ತಂದರು. ಐವತ್ತು ವರ್ಷ ದಾಟಿರಬೇಕು, ಮೂಲ ಸ್ವರೂಪದಲ್ಲಿರಬೇಕು, ಹೊಸ ನೋಂದಣಿಗೆ ಇಪ್ಪತ್ತು ಸಾವಿರ ಕಟ್ಟಬೇಕು. ಅರಮನೆಯ ಕಾರುಗಳಿಗೆ ಅದು ಸರಿ. ಬೇಕಾಬಿಟ್ಟಿ ಗಾಡಿ ಬದಲಿಸಿ ರಸ್ತೆಯಲ್ಲಿ ಜನರನ್ನು ಕೊಲ್ಲಬಾರದು ಎಂಬ ನಮ್ಮ ಕಾನೂನಿನ ಕಾಳಜಿಯನ್ನು ನಾನು ಒಪ್ಪುತ್ತೇನೆ. ಆದರೆ ಒಬ್ಬ ವೆಲ್ಡರ್ ಹುಡುಗ ತನ್ನ ಕೆಲಸವನ್ನು ಪರೀಕ್ಷೆಗೊಡ್ಡಿ, ಪಾಸೋ ಫೇಲೋ ಅನ್ನಿಸಿಕೊಳ್ಳಲು ಒಂದು ದಾರಿಯಾದರೂ ಇರಬೇಕಿತ್ತು. ಗ್ಯಾಸ್ ಕಿಟ್ಟಿಗೆ, ಬ್ಯಾಟರಿಗೆ ದಾರಿ ಮಾಡಿದವರಿಗೆ ಇದು ಆಗದ ಕೆಲಸವಲ್ಲ.

ಏಪ್ರಿಲ್‌ನಲ್ಲಿ ಹುಡುಗ ತಾನಾಗಿ ಗ್ಯಾರೇಜಿಗೆ ಬಂದ. ಹಳೆಯ ಇಸುಜು ಎಂಜಿನ್ ಇನ್ನೂ ಮನೆಯಲ್ಲಿದೆ, ಗೋಣಿಚೀಲ ಸುತ್ತಿ ದನದ ಕೊಟ್ಟಿಗೆಯಲ್ಲಿ ಜೋಳದ ದಂಟಿನ ಕೆಳಗಿಟ್ಟಿದ್ದೇನೆ ಎಂದ. ಉಸ್ತಾದರು ಗದರಿದರು, “ಇದನ್ನು ಮೊದಲೇ ಬೊಗಳಬಾರದಿತ್ತೇನೋ!” ಅದನ್ನು ಬಿಚ್ಚಿ, ಲೇತಿಗೆ ಕೊಟ್ಟು, ಪಿಸ್ಟನ್ ರಿಂಗು ಬದಲಿಸಿ ವಾಪಸ್ ಕೂರಿಸಲು ಇಬ್ಬರಿಗೂ ಇಪ್ಪತ್ತು ದಿನ ಹಿಡಿಯಿತು. ಕ್ವಾಲಿಸ್ ಎಂಜಿನ್ನನ್ನು ಉಸ್ತಾದರೇ ಇಟ್ಟುಕೊಂಡು ದುಡ್ಡು ಕೊಟ್ಟರು. ಬೆಸೆದ ಬಾಗಿಲುಗಳನ್ನು ಕೊಯ್ದು ಬಿಡಿಸುವಾಗ ಹುಡುಗ ಕನ್ನಡಕ ಹಾಕಿಕೊಂಡೇ ಇದ್ದ, ಕಿಡಿ ಹಾರದ ಹೊತ್ತಿನಲ್ಲೂ. ಕಪ್ಪು ಬಣ್ಣವನ್ನು ಆರ್‌ಸಿಯಲ್ಲಿ ಸೇರಿಸಲು ಅವಕಾಶವಿತ್ತು, ಸೇರಿಸಿದೆವು. ನವೀಕರಣದ ದಿನ ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿ, ನಂಬರು ಓದಿ, ಮುಚ್ಚಿದರು.

ಕೊಂಡವರು ದಾವಣಗೆರೆಯ ಒಬ್ಬ ನಿವೃತ್ತರು. ಯೌವನದಲ್ಲಿ ತಮ್ಮ ಮಾಲೀಕರ ಕಂಟೆಸ್ಸಾ ಓಡಿಸುತ್ತಿದ್ದವರಂತೆ. ಮೊದಲು ಆರ್‌ಸಿ ಕೇಳಿದರು. ಆಮೇಲೆ ನಾನು ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆಯುವಾಗ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಹುಡುಗ ತಾನು ಮಾಡಿದ ಕೆಲಸಗಳನ್ನೆಲ್ಲ ನೋಟ್‌ಬುಕ್ಕಿನ ಎರಡು ಹಾಳೆಯಲ್ಲಿ ಬರೆದು ಕೊಟ್ಟ. ಯಾವ ತಗಡು ಎಷ್ಟು ಗೇಜಿನದು ಎಂಬುದೂ ಅದರಲ್ಲಿತ್ತು. ಅವರು ಓದಿ, ಮಡಚಿ, ಆರ್‌ಸಿಯ ಜೊತೆಗಿಟ್ಟುಕೊಂಡರು. ಎರಡು ಲಕ್ಷ ಅರವತ್ತು ಸಾವಿರಕ್ಕೆ ಮಾತಾಯಿತು. ಹುಡುಗನ ಖರ್ಚಿನ ಲೆಕ್ಕದಲ್ಲಿ ಇದು ನಷ್ಟವೇ. ಫಾರಂ 29, ಫಾರಂ 30ಕ್ಕೆ ನಾನೇ ಸಹಿ ಹಾಕಿಸಿದೆ, ನನ್ನ ಶುಲ್ಕ ತೆಗೆದುಕೊಳ್ಳಲಿಲ್ಲ.

ಕಾರು ತಾಂಡಾದಿಂದ ಹೊರಡುವ ಮೊದಲು ತಾಯಿ ಹಿಂದಿನ ಬಾಗಿಲು ತೆಗೆದು ಕೂತರು. ದಾವಣಗೆರೆಯವರು, “ನ್ಯಾಮತಿಯವರೆಗೆ ಬರ್ತೀರೇನಮ್ಮಾ, ಬಸ್ಸಿಗೆ ಬಿಡ್ತೀನಿ” ಎಂದರು. ಆಕೆ ಹೂಂ ಎಂದರು. ಬಾನೆಟ್ಟಿನ ಬಿಳಿ ಪಟ್ಟೆ ಅಳಿಸಿಕೊಡಲೇ ಎಂದು ಹುಡುಗ ಕೇಳಿದಾಗ, ಇರಲಿ ಬಿಡಪ್ಪಾ ಎಂದು ಅವರೇ ಬೇಡವೆಂದಿದ್ದರು.